ಏಳನೆಯ ಮೈಲಿಯ ಕಲ್ಲನ್ನು ಏಳನೆಯ ಕಿಲೋಮೀಟರಿಗೆ ಒಯ್ದವರಿಗೆ

ಸಿರಗುಂಟಿ, ಜಹೀರಾಬಾದ್ ತಾಲ್ಲೂಕು
೧೪ ಏಪ್ರಿಲ್ ೧೯೭೮

ರಸ್ತೆ ಬದಿಯ ಚಾರಿತ್ರಿಕ ಕಲ್ಲುಗಳ ಉಸ್ತುವಾರಿ ಶಾಖೆಯ ಅಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ಬಿಸಿಲು ಏರುತ್ತಿರುವ ಈ ದಿನಗಳಲ್ಲಿ ತಮ್ಮ ಆರೋಗ್ಯ, ತಮ್ಮ ಕಚೇರಿಯ ಫ್ಯಾನಿನ ಆರೋಗ್ಯ, ತಮ್ಮ ಮೇಜಿನ ಮೇಲೆ ವಿಶ್ರಾಂತಿ ಪಡೆಯುತ್ತಿರುವ ನಮ್ಮ ಐದು ಅರ್ಜಿಗಳ ಆರೋಗ್ಯ, ಎಲ್ಲವೂ ಚೆನ್ನಾಗಿರಲೆಂದು ಸಿರಗುಂಟಿಯ ಸಮಸ್ತರ ಪರವಾಗಿ ಹಾರೈಸುತ್ತೇನೆ. ಆ ಐದರಲ್ಲಿ ಮೂರು ತೆಲುಗಿನಲ್ಲಿವೆ, ಎರಡು ಉರ್ದುವಿನಲ್ಲಿವೆ. ಯಾವುದಕ್ಕೂ ಉತ್ತರ ಬಾರದ ಕಾರಣ ಭಾಷೆಯಲ್ಲೇ ಏನೋ ಕೊರತೆ ಇದ್ದಿರಬೇಕೆಂದು ತಿಳಿದು ಆರನೆಯದನ್ನು ಮನೆಮಾತಾದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಗಡಿಯಾಚೆಯ ದಿನಪತ್ರಿಕೆಯೊಂದು ಇದನ್ನು ಅಚ್ಚು ಮಾಡಲು ಒಪ್ಪಿದೆ. ಆ ಪತ್ರಿಕೆ ನನ್ನ ಕಿರಾಣಿ ಅಂಗಡಿಗೆ ಬಸ್ಸಿನಲ್ಲಿ ಒಂದು ದಿನ ತಡವಾಗಿ ಬರುತ್ತದೆ. ತಮ್ಮ ಕಚೇರಿಯ ನಡಿಗೆಗೆ ಹೋಲಿಸಿದರೆ ಅದು ತಂತಿ ಸಂದೇಶದ ವೇಗವಾದ್ದರಿಂದ ಆ ತಡವನ್ನು ತಾವು ಮನ್ನಿಸುವಿರೆಂದು ನಂಬಿದ್ದೇನೆ.

ಮೊದಲಿಗೆ, ನಮ್ಮೂರ ರಸ್ತೆ ಬದಿಯ ಬಾವಿಕಟ್ಟೆಗೆ ಕಳೆದ ವಾರ ಅಂಟಿಸಿಹೋದ ನೋಟೀಸಿಗಾಗಿ ಧನ್ಯವಾದಗಳು. ಮೂವತ್ತು ಅಡಿ ಆಳದ, ಕಲ್ಲಿನ ಮೆಟ್ಟಿಲುಗಳಿರುವ, ಏಪ್ರಿಲ್ ತಿಂಗಳಲ್ಲೂ ಎಂಟು ಅಡಿ ನೀರಿರುವ ಈ ಬಾವಿಯನ್ನು ಆ ನೋಟೀಸು ‘ರಸ್ತೆ ಅಂಚಿನ ನೋಂದಣಿಯಾಗದ ಗುಂಡಿ’ ಎಂದು ಕರೆದಿದೆ. ರಸ್ತೆ ಅಗಲ ಮಾಡುವ ಸಲುವಾಗಿ ಈ ತಿಂಗಳ ಇಪ್ಪತ್ತನಾಲ್ಕನೆಯ ತಾರೀಖು ಸೋಮವಾರ ಆ ಗುಂಡಿಯನ್ನು ಮಣ್ಣು ತುಂಬಿ ಮುಚ್ಚಲಾಗುವುದು ಎಂದೂ ತಿಳಿಸಿದೆ. ನಮ್ಮ ಊರೊಳಗೆ ಇನ್ನೊಂದು ಬಾವಿ ಇದೆ. ಅದರ ನೀರು ಸವಳು. ಅದರಲ್ಲಿ ತೊಗರಿಬೇಳೆ ಮಧ್ಯಾಹ್ನದವರೆಗೆ ಕುದಿಸಿದರೂ ಬೇಯುವುದಿಲ್ಲ. ಇಪ್ಪತ್ತೈದನೆಯ ತಾರೀಖಿನಿಂದ ನಮ್ಮೂರಿನವರೆಲ್ಲ ಬೇಯದ ಬೇಳೆಯನ್ನು ತಮ್ಮ ಹೆಸರು ಹೇಳುತ್ತಾ ಜಗಿಯಲಿದ್ದೇವೆ ಎಂಬುದನ್ನು ಗೌರವಪೂರ್ವಕವಾಗಿ ತಮ್ಮ ಗಮನಕ್ಕೆ ತರುತ್ತೇನೆ.

ಈಗ ವಿಷಯಕ್ಕೆ ಬರುತ್ತೇನೆ. ತಮಗೆ ಪುರುಸೊತ್ತು ಕಡಿಮೆ ಎಂದು ಬಲ್ಲೆ. ಆದರೆ ಚರಿತ್ರೆಯನ್ನು ಕಾಯುವ ಕೆಲಸ ತಮ್ಮದಾದ್ದರಿಂದ ಸ್ವಲ್ಪ ಚರಿತ್ರೆಯನ್ನು ಸಹಿಸಿಕೊಳ್ಳಬೇಕು.

ನಮ್ಮ ತಾಲ್ಲೂಕು ಬೀದರ್ ಜಿಲ್ಲೆಯಲ್ಲಿದ್ದ ಕಾಲ, ನಿಜಾಮರ ಸರ್ಕಾರ. ಇಸವಿ ಯಾರಿಗೂ ನೆನಪಿಲ್ಲ; ಬೇಸಿಗೆ, ಮಧ್ಯಾಹ್ನ, ಇಷ್ಟು ಮಾತ್ರ ಖಚಿತ. ಆಗ ಈ ಬಾವಿಯ ಹತ್ತಿರ ಮೋನಮ್ಮ ಎಂಬ ಹೆಂಗಸು ದಾರಿಹೋಕರಿಗೆ ನೀರು ಸೇದಿ ಕೊಡುತ್ತಿದ್ದಳು. ಯಾರು ಮೊದಲು ಬಂದರೋ ಅವರಿಗೆ ಮೊದಲು ನೀರು, ದನಕರುಗಳೂ ಸರದಿಯಲ್ಲಿ ಮನುಷ್ಯರ ಸಮಾನ, ಇದು ಅವಳ ಕಾನೂನು. ಆ ದಿನ ಒಬ್ಬ ಬಳೆಗಾರ, ಅವನ ಹಿಂದೆ ಬಳೆಯ ಮಲಾರ ಹೊತ್ತ ಅವನ ಕತ್ತೆ, ಕತ್ತೆಯ ಹಿಂದೆ ಕುದುರೆಯ ಮೇಲೆ ಕಂದಾಯದ ದೊಡ್ಡ ಅಧಿಕಾರಿಯಾದ ತಾಲ್ಲೂಕುದಾರರು, ಈ ಕ್ರಮದಲ್ಲಿ ಬಂದರು. ಸಾಹೇಬರ ಜೊತೆಗಿದ್ದ ಜವಾನನು ಕತ್ತೆಯನ್ನು ಆಚೆ ಸರಿಸಲು ಕೋಲೆತ್ತಿದ. ಮೋನಮ್ಮ ಹಗ್ಗ ಬಿಡದೆ, ತಲೆಯೆತ್ತದೆ, “ಕತ್ತೆ ಮೊದ್ಲ ಬಂದದ. ಅದರದು ಆಗಲಿ, ಸಾಹೇಬ್ರದು ಆಮ್ಯಾಲ,” ಅಂದಳು. ಜವಾನನು ಸಾಹೇಬರ ಮುಖ ನೋಡಿದ. ಸಾಹೇಬರು ಕತ್ತೆಯ ಮುಖ ನೋಡಿದರು. ಕತ್ತೆ ನಿಧಾನವಾಗಿ ಕುಡಿಯಿತು. ಆಮೇಲೆ ತಾಲ್ಲೂಕುದಾರರು ಕುದುರೆಯಿಂದ ಇಳಿದು, ಬೊಗಸೆಯೊಡ್ಡಿ ಕುಡಿದು, ಒಂದು ಮಾತೂ ಆಡದೆ ಹೋದರು. ಊರಿನವರು ಎರಡು ತಿಂಗಳು ಹೆದರಿಕೊಂಡೇ ಇದ್ದರು. ಮೂರನೆಯ ತಿಂಗಳಿಗೆ ಹುಕುಂ ಬಂತು: ಈ ರಸ್ತೆ ಇರುವವರೆಗೆ ಈ ಬಾವಿಯನ್ನು ಯಾರೂ ಮುಚ್ಚಕೂಡದು.

ಆ ಹುಕುಮಿನ ಕಾಗದ ಎಲ್ಲಿದೆ ಎಂದು ತಾವು ಕೇಳುವಿರಿ. ೧೯೫೬ರಲ್ಲಿ ರಾಜ್ಯಗಳನ್ನು ವಿಂಗಡಿಸಿದಾಗ ನಾವು ಈ ಕಡೆ ಬಂದೆವು, ಕಾಗದ ಆ ಕಡೆಯೇ ಉಳಿಯಿತು. ಆ ಕಡೆಯ ಕಚೇರಿಯೊಂದರಲ್ಲಿ ಕೇಳಿದರೆ ನೀವು ನಮ್ಮ ರಾಜ್ಯದವರಲ್ಲ ಎನ್ನುತ್ತಾರೆ. ಈ ಕಡೆ ಕೇಳಿದರೆ ಆ ಕಾಗದ ನಮ್ಮ ರಾಜ್ಯದ್ದಲ್ಲ ಎನ್ನುತ್ತಾರೆ. ಎರಡೂ ಮಾತು ಸತ್ಯವಾದ್ದರಿಂದ ನಾನು ಯಾರ ಮೇಲೂ ದೂರು ಹೇಳುವುದಿಲ್ಲ.

ಕಾಗದ ಹೋದರೂ ಕಲ್ಲು ಬಂತು. ೧೯೫೯ರಲ್ಲಿ ತಮ್ಮ ಶಾಖೆಯವರು ಆಳೆತ್ತರದ ಒಂದು ತಾಂಡೂರು ಕಲ್ಲನ್ನು ತರಿಸಿ, ‘ಈ ಸ್ಥಳದಲ್ಲಿ ತಾಲ್ಲೂಕುದಾರ ಸಾಹೇಬರು ನೀರು ಕುಡಿದರು’ ಎಂದು ತೆಲುಗಿನಲ್ಲಿ ಕೆತ್ತಿಸಿ, ಬಾವಿಯ ಪಕ್ಕದಲ್ಲಿ ನೆಟ್ಟರು. ಸಾಹೇಬರ ಹೆಸರು, ಬಿರುದುಗಳು ಮೂರು ಸಾಲಿನಷ್ಟಿವೆ. ಮೋನಮ್ಮನ ಸೊಸೆ ಭೀಮವ್ವ ಅಂದು ನನ್ನನ್ನು ಕರೆದು ಓದಿಸಿದಳು. ನಾನು ಓದಿದೆ. “ನಮ್ಮತ್ತಿ ಹೆಸರ ಎಲ್ಲಿ ಬಂತ್ರಿ ಅಣ್ಣ?” ಎಂದು ಕೇಳಿದಳು. ಬಂದಿಲ್ಲ ಅಂದೆ. ಅವಳು ಕಲ್ಲನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. “ಕುಡದಾತನ ಹೆಸರ ಅದ, ಕೊಟ್ಟಾಕಿ ಹೆಸರ ಇಲ್ಲ. ಇರ್ಲಿ ಬಿಡ್ರಿ, ನೀರರ ಅದ ಅಲ್ಲ,” ಎಂದು ಹಗ್ಗಕ್ಕೆ ಕೈ ಹಾಕಿದಳು. ಆ ನೀರನ್ನೇ ಈಗ ತಾವು ಮುಚ್ಚಲು ಹೊರಟಿದ್ದೀರಿ. ಭೀಮವ್ವನಿಗೆ ಈಗ ಅರವತ್ತೆಂಟು ವರ್ಷ. ಅತ್ತೆಯ ಕಾನೂನನ್ನು ಒಂದು ದಿನವೂ ಮುರಿಯದೆ ಬಸ್ಸಿನವರಿಗೆ, ಗಾಡಿಯವರಿಗೆ, ಎಮ್ಮೆಗಳಿಗೆ ಸರದಿಯ ಮೇಲೆ ನೀರು ಕೊಡುತ್ತಲೇ ಇದ್ದಾಳೆ.

ಮುಂದೆ ನಡೆದದ್ದು ತಮ್ಮ ಶಾಖೆಯ ಕೀರ್ತಿಗೆ ಸೇರಿದ್ದು. ರಸ್ತೆಗಳಲ್ಲಿ ಮೈಲಿ ಹೋಗಿ ಕಿಲೋಮೀಟರು ಬಂದಾಗ ತಮ್ಮ ರಿಜಿಸ್ಟರನ್ನೂ ಹೊಸ ಲೆಕ್ಕಕ್ಕೆ ತರಬೇಕಾಯಿತು. ಅದರಲ್ಲಿ ನಮ್ಮ ಕಲ್ಲು ‘ಜಹೀರಾಬಾದಿನಿಂದ ೭ನೆಯ ಮೈಲಿ’ ಎಂದಿತ್ತು. ಏಳು ಮೈಲಿ ಎಂದರೆ ಹನ್ನೊಂದು ಕಿಲೋಮೀಟರಿಗೆ ಮೇಲೆ ಇನ್ನೂರ ಅರವತ್ತೈದು ಮೀಟರು. ಇಷ್ಟು ಗುಣಾಕಾರದ ತೊಂದರೆ ಏಕೆಂದು ತಮ್ಮ ಗುಮಾಸ್ತರು ‘ಮೈಲಿ’ ಎಂಬುದನ್ನು ಹೊಡೆದುಹಾಕಿ ‘ಕಿಲೋಮೀಟರು’ ಎಂದು ಬರೆದು ಏಳನ್ನು ಏಳಾಗಿಯೇ ಉಳಿಸಿದರು. ಅಂಕಿಯ ಮೇಲೆ ಇಷ್ಟು ನಿಷ್ಠೆಯನ್ನು ನಾನು ಬೇರೆ ಯಾವ ಕಚೇರಿಯಲ್ಲೂ ಕಂಡಿಲ್ಲ.

ಹೋದ ವರ್ಷ ಜನವರಿಯಲ್ಲಿ ತಪಾಸಣೆಗೆ ಬಂದವರು ಏಳನೆಯ ಕಿಲೋಮೀಟರಿನಲ್ಲಿ ಕಲ್ಲು ಕಾಣದೆ ಕಳವಳಗೊಂಡರು. ಮುಂದೆ ಬಂದು ನೋಡಿದರೆ ಅದು ನಮ್ಮ ಬಾವಿಯ ಹತ್ತಿರ, ಅಂದರೆ ತಪ್ಪು ಜಾಗದಲ್ಲಿ, ಹದಿನೆಂಟು ವರ್ಷಗಳಿಂದ ರಾಜಾರೋಷವಾಗಿ ನಿಂತಿತ್ತು. ಅದೇ ದಿನ ರಸ್ತೆ ಗ್ಯಾಂಗಿನವರನ್ನು ಕರೆಸಿ, ಅದನ್ನು ಕಿತ್ತು, ಲಾರಿಯಲ್ಲಿ ನಾಲ್ಕೂಕಾಲು ಕಿಲೋಮೀಟರು ಹಿಂದಕ್ಕೆ ಒಯ್ದು, ಮದ್ದೇಪಲ್ಲಿ ಎಂಬ ಊರಿನ ಹೊರಗೆ ಕಾಶಿರಾಮನ ತೊಗರಿ ಹೊಲದ ಬದುವಿನ ಮೇಲೆ ನೆಟ್ಟರು. ಅಲ್ಲಿ ಬಾವಿಯಿಲ್ಲ. ಹಳ್ಳವಿಲ್ಲ. ಒಂದು ಬೇವಿನ ಮರವಿದೆ.

ನಾನು ಸಂಗತಿ ತಿಳಿಯಲು ಸ್ವತಃ ಮದ್ದೇಪಲ್ಲಿಗೆ ಹೋಗಿದ್ದೆ. ಕಾಶಿರಾಮ ಸಭ್ಯ ಮನುಷ್ಯ. ಕೂರಿಸಿ ಚಹಾ ಕೊಟ್ಟ. ಇಲ್ಲಿ ನೀರೇ ಇಲ್ಲವಲ್ಲ, ಸಾಹೇಬರು ಏನು ಕುಡಿದರು ಎಂದು ಕೇಳಿದೆ. ಅವನು ಯೋಚಿಸಿ ಹೇಳಿದ: “ಸರ್ಕಾರದ ಕಲ್ಲು ಸುಳ್ಳ ಬರಿತದೇನ್ರಿ ಶಾಂತಪ್ಪನೋರ? ಇಲ್ಲೇ ಕುಡದಾರ ಅಂತ ಅದ. ಬಾವಿ ಇಲ್ಲಂದ ಮ್ಯಾಲ ನಮ್ಮ ಮುತ್ಯಾ ಮಜ್ಜಿಗಿ ಕೊಟ್ಟಿರಬೇಕು.” ಅದು ಹೋದ ವರ್ಷದ ಮಾತು. ಯುಗಾದಿಯ ಹೊತ್ತಿಗೆ ಮಜ್ಜಿಗೆ ಬೆಲ್ಲದ ಪಾನಕವಾಗಿತ್ತು. ಮೊನ್ನೆ ಅದೇ ದಾರಿಯಲ್ಲಿ ಬಂದ ಬಸ್ ಕಂಡಕ್ಟರು ಹೇಳುವ ಪ್ರಕಾರ, ಸಾಹೇಬರು ಅಲ್ಲಿ ಹೋಳಿಗೆ ಊಟವನ್ನೂ ಮಾಡಿದ್ದಾರೆ. ಕಲ್ಲು ಅಲ್ಲಿಯೇ ಇನ್ನೆರಡು ವರ್ಷ ನಿಂತರೆ ಅವರು ಮದ್ದೇಪಲ್ಲಿಯ ಅಳಿಯರಾಗಿರುತ್ತಾರೆ ಎಂಬುದು ನನ್ನ ಅಂದಾಜು.

ಇಷ್ಟಕ್ಕೆ ಮುಗಿದಿದ್ದರೆ ನಾವು ನಕ್ಕು ಸುಮ್ಮನಾಗುತ್ತಿದ್ದೆವು. ಆದರೆ ತಮ್ಮ ರಸ್ತೆ ಅಗಲೀಕರಣದ ನಕ್ಷೆಯಲ್ಲಿ ಒಂದು ಉತ್ತಮ ನಿಯಮವಿದೆ: ಚಾರಿತ್ರಿಕ ಕಲ್ಲು ಇರುವ ಜಾಗದಲ್ಲಿ ರಸ್ತೆ ಬಾಗಿ ಹೋಗಬೇಕು, ಸ್ಥಳಕ್ಕೆ ಧಕ್ಕೆಯಾಗಬಾರದು. ಆ ನಿಯಮದಂತೆ ಮದ್ದೇಪಲ್ಲಿಯಲ್ಲಿ ರಸ್ತೆಯು ಏನೂ ಇಲ್ಲದ ಒಂದು ಜಾಗವನ್ನು ಬಹಳ ಎಚ್ಚರಿಕೆಯಿಂದ ಸುತ್ತುಹಾಕಿ ಹೋಗಿದೆ; ಬಸ್ಸುಗಳು ಅಲ್ಲಿ ವಾಲುತ್ತವೆ, ಮೇಲಿನ ಗಂಟುಮೂಟೆಗಳು ಕಾಶಿರಾಮನ ಹೊಲಕ್ಕೆ ಬೀಳುತ್ತವೆ. ಅದೇ ರಸ್ತೆ ಸಿರಗುಂಟಿಗೆ ಬಂದಾಗ, ಇಲ್ಲಿ ಕಲ್ಲಿಲ್ಲದ ಕಾರಣ, ಗೆರೆ ಎಳೆದ ಹಾಗೆ ನೆಟ್ಟಗೆ ಬಾವಿಯೊಳಕ್ಕೆ ಹೋಗುತ್ತದೆ.

ಹೋದ ತಿಂಗಳು ತಮ್ಮ ಕಿರಿಯ ಇಂಜಿನಿಯರರು ಟೇಪು ಹಿಡಿದು ಬಂದರು. ಎಳೆಯ ವಯಸ್ಸು, ಒಳ್ಳೆಯ ಮನೆತನದವರಂತೆ ಕಾಣುತ್ತಾರೆ. ಮಧ್ಯಾಹ್ನವಾಗಿತ್ತು. ಮುಂದೆ ಎರಡು ಎಮ್ಮೆಗಳಿದ್ದವು. ಅವುಗಳ ಸರದಿ ಮುಗಿದ ಮೇಲೆ ಭೀಮವ್ವ ಅವರಿಗೆ ಕೊಟ್ಟಳು. ಅವರು ಮೂರು ತಂಬಿಗೆ ನೀರು ಕುಡಿದರು, ಮುಖ ತೊಳೆದರು, ಕರ್ಚೀಫು ಒದ್ದೆ ಮಾಡಿ ನೆತ್ತಿಯ ಮೇಲೆ ಹಾಕಿಕೊಂಡರು. ಆಮೇಲೆ ಬಾವಿಕಟ್ಟೆಯ ಮೇಲೆಯೇ ಕುಳಿತು ಪುಸ್ತಕದಲ್ಲಿ ಇಲ್ಲಿ ಬಾವಿ ಇಲ್ಲವೆಂದು ಬರೆದುಕೊಂಡರು. ತೆಲುಗು ಬೆರೆತ ಮಾತಿನಲ್ಲಿ ನಮಗೂ ತಿಳಿಹೇಳಿದರು: ಬಾವಿ ಏಳನೆಯ ಕಿಲೋಮೀಟರಿನಲ್ಲಿದೆ, ರಿಕಾರ್ಡಿನಲ್ಲಿ ಹಾಗೆಂದೇ ಇದೆ, ಇದು ಬೇರೆ ಏನೋ. ಭೀಮವ್ವ ಖಾಲಿ ತಂಬಿಗೆಯನ್ನು ಎತ್ತಿಕೊಂಡು, “ಹೌದೇನ್ರಿ ಸಾಹೇಬ್ರ. ಹಂಗಾದ್ರ ಈಗ ನಿಮ್ಮ ಹೊಟ್ಟ್ಯಾಗ ಹೋಗ್ಯಾದಲ್ಲ, ಅದೇನ್ರಿ?” ಎಂದು ಕೇಳಿದಳು. ಅವರು ಅದನ್ನು ಬರೆದುಕೊಳ್ಳಲಿಲ್ಲ. ಬರೆದುಕೊಂಡಿದ್ದರೆ ತಮ್ಮ ಕಚೇರಿಯಲ್ಲಿ ಆ ಬಾವಿಯ ಬಗ್ಗೆ ಒಂದಾದರೂ ಸರಿಯಾದ ದಾಖಲೆ ಇರುತ್ತಿತ್ತು.

ಕಲ್ಲನ್ನು ಮರಳಿ ತಂದರೆ ಎಲ್ಲವೂ ಸರಿಹೋಗುತ್ತದಲ್ಲವೇ ಎಂದು ತಾವು ಕೇಳಬಹುದು. ನಾವೂ ಹಾಗೆಯೇ ಯೋಚಿಸಿದ್ದೆವು. ಇಲ್ಲಿ ನಮ್ಮ ಊರಿನ ತಪ್ಪನ್ನು ನಾನು ಮುಚ್ಚಿಡದೆ ಒಪ್ಪಿಕೊಳ್ಳಬೇಕು. ಹದಿನೆಂಟು ವರ್ಷ ಆ ಕಲ್ಲು ನಮ್ಮಲ್ಲಿದ್ದಾಗ ನಾವು ಅದನ್ನು ಸರ್ಕಾರದ ಕಲ್ಲು ಎಂದೇ ತಿಳಿದೆವು. ಅದಕ್ಕೆ ಆಡು ಕಟ್ಟಿದೆವು, ಕುಡುಗೋಲು ಮಸೆದೆವು, ಹಸಿ ಸೀರೆ ಹರವಿದೆವು. ಒಂದು ಚುನಾವಣೆಯಲ್ಲಿ ಅದರ ಬೆನ್ನಿಗೆ ಮೂರು ಪಕ್ಷದ ಚೀಟಿಗಳನ್ನೂ ಅಂಟಿಸಿದ್ದೆವು. ಆದರೆ ಕುಂಕುಮ ಹಚ್ಚಲಿಲ್ಲ. ಕಲ್ಲು ಮದ್ದೇಪಲ್ಲಿಗೆ ಹೋದ ಮೂರನೆಯ ದಿನವೇ ಕಾಶಿರಾಮನ ತಾಯಿ ಬಂಡಮ್ಮ, ಬದುವಿನ ಮೇಲೆ ನೆಟ್ಟಗೆ ನಿಂತ ಹೊಸ ಕಲ್ಲನ್ನು ಕಂಡು, ಇದು ಯಾವುದೋ ನೆಲೆ ಕೇಳಿಕೊಂಡು ಬಂದ ದೇವರೆಂದು ತಿಳಿದು, ಎಣ್ಣೆ ಹಚ್ಚಿ ಕುಂಕುಮ ಇಟ್ಟಳು. ಮರುದಿನ ಊರಿನ ಹೆಂಗಸರೆಲ್ಲ ಬಂದರು. ಈಗ ಸಾಹೇಬರ ಮೂರು ಸಾಲು ಬಿರುದುಗಳು ಎಣ್ಣೆ, ಅರಿಶಿನದ ಕೆಳಗೆ ಬೆರಳು ದಪ್ಪ ಹೂತುಹೋಗಿವೆ. ಬಸ್ ಚಾಲಕರು ಹಾರ್ನು ಹಾಕಿ ಮುಂದೆ ಹೋಗುತ್ತಾರೆ.

ನಾನು ಗ್ಯಾಂಗಿನ ಮೇಸ್ತ್ರಿ ಸಾಯಪ್ಪನನ್ನು ಹಿಡಿದು, ನೀನೇ ಒಯ್ದದ್ದು, ನೀನೇ ತಂದುಕೊಡು ಎಂದೆ. ಅವನು ಬೀಡಿ ಆರಿಸಿ, ಕೈಯಲ್ಲಿದ್ದ ಹಾರೆಯನ್ನು ಕೆಳಗಿಟ್ಟ. “ಅಣ್ಣಾ, ಅವತ್ತ ಅದು ಬರೇ ಕಲ್ಲಿತ್ತು, ಹಾರಿ ಹಾಕಿ ಎಬ್ಬಿಸಿದ್ವಿ. ಈಗ ಕುಂಕುಮ ಬಿದ್ದದ. ಕುಂಕುಮ ಬಿದ್ದದ್ದಕ್ಕ ಹಾರಿ ಹಚ್ಚಾಕ ನಮ್ಮ ಗ್ಯಾಂಗಿನಾಗ ಯಾವಾನೂ ಬರಲ್ಲ. ನೌಕರಿ ಹೋದ್ರ ಹೋಗಲಿ,” ಅಂದ. ನಮ್ಮೂರಿನ ಗಂಡಸರನ್ನು ಕೇಳಿದೆ. ಅವರೂ ಇದೇ ಮಾತು ಹೇಳಿದರು. ಸತ್ಯ ಹೇಳಬೇಕೆಂದರೆ ನನಗೂ ಧೈರ್ಯವಿಲ್ಲ.

ಹಾಗಾದರೆ ಬಾವಿಗೂ ಕುಂಕುಮ ಹಚ್ಚಿಬಿಡಿ ಎನ್ನುವಿರೇನೋ. ಬಾವಿಗೆ ನಾವು ಪ್ರತಿ ವರ್ಷ ಪೂಜೆ ಮಾಡುತ್ತೇವೆ, ಸಾಯಪ್ಪನ ಗ್ಯಾಂಗು ಅದನ್ನು ಮುಟ್ಟುವುದಿಲ್ಲ. ತಮ್ಮ ಶಾಖೆಗೆ ಇದು ಮೊದಲೇ ತಿಳಿದಂತಿದೆ. ನೋಟೀಸಿನಲ್ಲಿ ಕೆಲಸವನ್ನು ಗುತ್ತಿಗೆದಾರರ ಟಿಪ್ಪರ್ ಲಾರಿಗೆ ವಹಿಸಿದ್ದೀರಿ. ಟಿಪ್ಪರ್ ಯಾವುದನ್ನೂ ಮುಟ್ಟುವುದಿಲ್ಲ. ದೂರದಲ್ಲಿ ನಿಂತು ಬೆನ್ನೆತ್ತಿ ಸುರಿಯುತ್ತದೆ. ಇಷ್ಟು ಮಡಿಯಿಂದ ಕೆಲಸ ಮಾಡುವ ಯಂತ್ರವನ್ನು ಆರಿಸಿದ ತಮ್ಮ ಜಾಣ್ಮೆಗೆ ನಮಸ್ಕಾರ.

ಆದ್ದರಿಂದ ನಮ್ಮ ವಿನಮ್ರ ಬೇಡಿಕೆಗಳನ್ನು ತಮ್ಮ ಅನುಕೂಲಕ್ಕೆ ತಕ್ಕಂತೆ ಸಿದ್ಧಪಡಿಸಿದ್ದೇವೆ. ಕಲ್ಲನ್ನು ತರಲಾಗದಿದ್ದರೆ ಬಾವಿಯನ್ನಾದರೂ ಕಲ್ಲಿನ ಹತ್ತಿರಕ್ಕೆ ಒಯ್ಯಿರಿ. ಮೆಟ್ಟಿಲು, ನೀರು, ಒಂದು ಆಮೆ ಸಮೇತ ಒಯ್ಯಬೇಕು, ಜೊತೆಗೆ ಭೀಮವ್ವನಿಗೆ ದಿನಾ ಹೋಗಿಬರಲು ಬಸ್ಸಿನ ಪಾಸು ಕೊಡಬೇಕು. ಅದು ಕಷ್ಟವೆಂದರೆ ಜಹೀರಾಬಾದ್ ಪಟ್ಟಣವನ್ನು ನಮ್ಮ ಕಡೆಗೆ ನಾಲ್ಕು ಕಿಲೋಮೀಟರು ಇನ್ನೂರ ಅರವತ್ತೈದು ಮೀಟರು ಸರಿಸಿರಿ. ಆಗ ನಮ್ಮ ಬಾವಿ ತಾನಾಗಿಯೇ ಏಳನೆಯ ಕಿಲೋಮೀಟರಿಗೆ ಬರುತ್ತದೆ, ತಮ್ಮ ರಿಜಿಸ್ಟರಿನಲ್ಲಿ ಒಂದಕ್ಷರವನ್ನೂ ತಿದ್ದಬೇಕಾಗಿಲ್ಲ, ನಮಗೂ ಸಂತೆಗೆ ಹತ್ತಿರವಾಗುತ್ತದೆ. ಪಟ್ಟಣದವರು ಒಪ್ಪದಿದ್ದರೆ ಇನ್ನೊಂದು ಸುಲಭದ ದಾರಿಯೂ ಇದೆ: ರಿಜಿಸ್ಟರು ತೆರೆದು, ಏಳನ್ನು ಹೊಡೆದು, ಹನ್ನೊಂದೂಕಾಲು ಎಂದು ಬರೆಯುವುದು. ಇದನ್ನು ಕೊನೆಯಲ್ಲಿ ಹೇಳಿದ್ದಕ್ಕೆ ಕ್ಷಮೆಯಿರಲಿ. ಮೂರರಲ್ಲಿ ಇದೇ ತಮಗೆ ಅತ್ಯಂತ ಅಸಾಧ್ಯವಾದದ್ದೆಂದು ನಾನು ಬಲ್ಲೆ.

ಇನ್ನೊಂದು ಮಾತು, ನಮ್ಮ ಸ್ವಾರ್ಥಕ್ಕಲ್ಲ. ನಾರಾಯಣಖೇಡದ ಕಡೆಯ ರಸ್ತೆಯಲ್ಲಿ, ಹತ್ತನೆಯ ಮೈಲಿಯ ತಗ್ಗಿನಲ್ಲಿ, ಹಿಂದೆ ಕೆರೆ ಒಡೆದದ್ದನ್ನು ನೆನಪಿಸುವ ಕಲ್ಲೊಂದಿದೆ. ಹತ್ತನೆಯ ಕಿಲೋಮೀಟರು ಬರುವುದು ಬೋಳುಗುಡ್ಡದ ನೆತ್ತಿಯ ಮೇಲೆ. ತಮ್ಮ ತಪಾಸಣೆ ಅಲ್ಲಿಗೂ ತಲುಪಿದರೆ, ಗುಡ್ಡದ ತುದಿಯಲ್ಲಿ ಕೆರೆ ಕಟ್ಟಿ ಒಡೆಸಿಕೊಂಡ ಜನ ಎಂದು ಆ ಊರಿನವರು ಶಾಶ್ವತವಾಗಿ ಹೆಸರಾಗುತ್ತಾರೆ. ಅವರಿಗೆ ನಾನು ಪತ್ರ ಬರೆದು, ಇವತ್ತೇ ಹೋಗಿ ಕಲ್ಲಿಗೆ ಕುಂಕುಮ ಹಚ್ಚಿಬಿಡಿ ಎಂದು ತಿಳಿಸಿದ್ದೇನೆ.

ಇಪ್ಪತ್ತನಾಲ್ಕರ ಸೋಮವಾರಕ್ಕೆ ಹತ್ತು ದಿನಗಳಿವೆ. ತಾವು ಒಮ್ಮೆ ಬರಬೇಕೆಂದು ಪ್ರಾರ್ಥನೆ. ಮಧ್ಯಾಹ್ನ ಬಂದರೆ ಒಳ್ಳೆಯದು. ಆಗ ನೀರಡಿಕೆ ಚೆನ್ನಾಗಿರುತ್ತದೆ. ಜೀಪಿನಲ್ಲಿ ಬಂದರೂ ಸರದಿಯಲ್ಲಿ ನಿಲ್ಲಬೇಕಾಗುತ್ತದೆ ಎಂದು ಮುಂಚಿತವಾಗಿ ತಿಳಿಸುತ್ತೇನೆ. ತಾಲ್ಲೂಕುದಾರರು ಕತ್ತೆಯ ಹಿಂದೆ ನಿಂತು ಹೆಸರು ಉಳಿಸಿಕೊಂಡರು. ತಮ್ಮ ಮುಂದೆ ಯಾರಿರುತ್ತಾರೆಂಬುದು ಆ ದಿನದ ಅದೃಷ್ಟ.

ಬಾವಿಯಲ್ಲಿ ನೀರು ಕಾಣುವವರೆಗೆ,
ತಮ್ಮ ವಿಶ್ವಾಸಿ,
ಶಾಂತಪ್ಪ
ಕಿರಾಣಿ ಅಂಗಡಿ, ಸಿರಗುಂಟಿ
(ಮೈಲಿ ೭; ತಮ್ಮ ಪ್ರಕಾರ ಎಲ್ಲಿಯೂ ಇಲ್ಲ)

ಮರೆತ ಮಾತು: ಭೀಮವ್ವನ ತಂಗಿಯ ಮಗ ಪೀರಪ್ಪ ತಾಂಡೂರಿನ ಗಣಿಯಲ್ಲಿ ಕಲ್ಲು ಕೊರೆಯುವವನು. ನೋಟೀಸಿನ ಸುದ್ದಿ ಕೇಳಿ ಅವನು ನಿನ್ನೆ ಆಳೆತ್ತರದ ಹೊಸ ಕಲ್ಲೊಂದನ್ನು ಲಾರಿಯಲ್ಲಿ ತಂದ. ಬಾವಿಯ ಪಕ್ಕದಲ್ಲಿ, ತಾವು ಹಳೆಯ ಕಲ್ಲು ಕಿತ್ತ ಅದೇ ಗುಂಡಿಯಲ್ಲಿ, ಅದನ್ನು ನೆಟ್ಟಿದ್ದೇವೆ. ಮಣ್ಣು ಬಿದ್ದರೂ ಬೀಳದಿದ್ದರೂ ಕಲ್ಲು ಅಲ್ಲಿಯೇ ಇರುತ್ತದೆ. ಅದರ ಮೇಲೆ ಕನ್ನಡ, ತೆಲುಗು, ಉರ್ದು ಮೂರರಲ್ಲೂ ಹೀಗಿದೆ: ‘ಈ ಬಾವಿಯಲ್ಲಿ ಮೋನಮ್ಮ ಮೊದಲು ಕತ್ತೆಗೆ, ಆಮೇಲೆ ತಾಲ್ಲೂಕುದಾರರಿಗೆ ನೀರು ಕೊಟ್ಟಳು. ೧೯೭೮ನೆಯ ಇಸವಿ ಏಪ್ರಿಲ್ ೨೪ರಂದು ಇದನ್ನು’, ಅದರ ಮುಂದೆ ತಮ್ಮ ಪೂರ್ಣ ಹೆಸರು, ಹುದ್ದೆ, ತಂದೆಯ ಹೆಸರು. ಕೊನೆಯ ಪದದ ಜಾಗವನ್ನು ಖಾಲಿ ಬಿಟ್ಟಿದ್ದೇವೆ. ‘ಉಳಿಸಿದರು’ ಎಂದು ಕೆತ್ತಬೇಕೋ ‘ಮುಚ್ಚಿಸಿದರು’ ಎಂದು ಕೆತ್ತಬೇಕೋ ತಾವೇ ತಿಳಿಸಬೇಕು. ಎರಡಕ್ಕೂ ಜಾಗ ಸಾಲುತ್ತದೆ. ಪೀರಪ್ಪ ಉಳಿ ಹಿಡಿದು ಸೋಮವಾರ ಸಂಜೆಯವರೆಗೆ ಇಲ್ಲಿಯೇ ಇರುತ್ತಾನೆ.

ಭೀಮವ್ವ ನನ್ನಿಂದ ಮತ್ತೊಮ್ಮೆ ಓದಿಸಿದಳು. ಅತ್ತೆಯ ಹೆಸರು ಎಲ್ಲಿದೆಯೆಂದು ಕೇಳಿ, ಮೂರು ಕಡೆಯೂ ಅದರ ಮೇಲೆ ಬೆರಳಾಡಿಸಿದಳು. “ಈಗ ಆತು,” ಅಂದಳು. ಆಮೇಲೆ ಮನೆಗೆ ಹೋಗಿ ಬಟ್ಟಲು ತಂದು, ಕಲ್ಲಿಗೆ ಎಣ್ಣೆ ಹಚ್ಚಿ, ಕುಂಕುಮ ಇಟ್ಟು, ಕಾಯಿ ಒಡೆದಳು. ಹದಿನೆಂಟು ವರ್ಷ ಮಾಡಿದ ತಪ್ಪನ್ನು ನಾವು ಮತ್ತೆ ಮಾಡಿಲ್ಲ. ಸಾಯಪ್ಪ ಬಂದು ನೋಡಿ, ಹಾರೆಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಕೈಮುಗಿದು ಹೋದ. ತಮ್ಮ ಹೆಸರಿನ ಮೇಲೆ ಮಾತ್ರ ಇನ್ನೂ ಎಣ್ಣೆ ಹಚ್ಚಿಲ್ಲ. ಅದು ಎಲ್ಲರಿಗೂ ಸ್ಪಷ್ಟವಾಗಿ ಕಾಣುತ್ತಿರಲಿ ಎಂದು ಭೀಮವ್ವ ಹೇಳಿದ್ದಾಳೆ.